ಬಸದಿಯಲ್ಲಿ ಕೊಟ್ಟ ಮಾತು

ಮೂಡಬಿದಿರೆ, ೧೨-೨-೧೯೬೪

ಅಕ್ಕನಿಗೆ ನಮಸ್ಕಾರ.

ಬಂದ ಕೆಲಸ ಆಯಿತೋ ಕೆಟ್ಟಿತೋ ನನಗೇ ತಿಳಿಯುತ್ತಿಲ್ಲ. ಇಲ್ಲಿನ ಪಾಠಶಾಲೆಯೊಂದರ ತಾಳೆಗರಿ ಗ್ರಂಥಗಳನ್ನು ನಮ್ಮ ವಿದ್ಯಾರ್ಥಿಗಳು ಬಂದು ಓದುವುದಕ್ಕೆ ವಿಶ್ವವಿದ್ಯಾಲಯದ ಪರವಾಗಿ ಒಪ್ಪಂದ ಮಾಡಿಕೊಂಡು ಬರಬೇಕಿತ್ತು. ಯಜಮಾನರಾದ ಆದಿರಾಜ ಹೆಗ್ಡೆಯವರು ಎಳನೀರು ಕೊಟ್ಟು ಎಲ್ಲಕ್ಕೂ ಒಪ್ಪಿದರು. ಸಹಿ ಕೇಳಿದಾಗ ಮಾತ್ರ, "ಕಾಗದ ಎಂತಕ್ಕೆ ಅಮ್ಮ? ನಿಮ್ಮ ವಿಶ್ವವಿದ್ಯಾಲಯ ಬಸದಿಗೆ ಬಂದು ದೇವರೆದುರು ಒಂದು ಮಾತು ಹೇಳಲಿ, ಸಾಕು" ಎಂದರು.

"ಅದು ಒಬ್ಬ ಮನುಷ್ಯನಲ್ಲವಲ್ಲ" ಎಂದೆ.

"ಹಾಗಾದರೆ ಗ್ರಂಥ ಹಾಳಾದರೆ ನಾನು ಯಾರನ್ನು ಕೇಳುವುದು ಮಾರಾಯ್ರೆ?"

ಕೊನೆಗೆ ನಾನೇ ಬಸದಿಯಲ್ಲಿ ನಿಂತು, ಒಂದು ಗರಿಯೂ ಕೆಡದಂತೆ ನೋಡಿಕೊಳ್ಳುತ್ತೇನೆ ಎಂದೆ. ಅವರು ಕೂಡಲೇ ಗ್ರಂಥಗಳ ಕಪಾಟಿನ ಬೀಗದ ಕೈ ನನಗೆ ಕೊಟ್ಟುಬಿಟ್ಟರು! ಸಹಿಯಿಲ್ಲದ ಕಾಗದ ಕಂಡು ರಿಜಿಸ್ಟ್ರಾರರು ಏನನ್ನುವರೋ. ನಾನು ಮಾತು ಕೊಟ್ಟದ್ದು ವಿಶ್ವವಿದ್ಯಾಲಯದ ಪರವಾಗಿಯೋ, ನನ್ನ ಪರವಾಗಿಯೋ? ಹೆಗ್ಡೆಯವರಿಗೆ ಆ ಅನುಮಾನವೇ ಇಲ್ಲ. ಹುಡುಗರು ಬಂದಾಗಲೆಲ್ಲ ಜೊತೆಗೆ ನಾನೂ ಇರಬೇಕಂತೆ.

ನೆಗಡಿ ಇಳಿದಿದೆ. ಕುಚ್ಚಲಕ್ಕಿ ಅನ್ನ ಒಗ್ಗಿದೆ. ಅಂಚೆಯ ಚೀಲ ಕಟ್ಟುತ್ತಿದ್ದಾರೆ, ಬೇಗ ಮುಗಿಸುತ್ತೇನೆ. ಬೇಸಿಗೆ ರಜೆಯಿಡೀ ನಿನ್ನ ಜೊತೆ ಇರುತ್ತೇನೆಂದು ಹೇಳಿದ್ದೆ, ಅಕ್ಕ. ಹುಡುಗರು ಇಲ್ಲಿಗೆ ಬರುವುದೂ ಆ ರಜೆಯಲ್ಲೇ.

ನಿನ್ನ ತಂಗಿ,
ವಿಶಾಲಾಕ್ಷಿ