ಮೈದುನನ ತೋಳಿಗೆ ಬಿದ್ದ ಸೂಜಿ

ಮನೆಯಿಂದ,
ಹದಿನಾಲ್ಕನೇ ತಾರೀಕು, ಗುರುವಾರ

ಪ್ರೀತಿಯ ಯಜಮಾನರಿಗೆ,

ಜ್ವರ ಇಳಿಯಿತೇ? ಬಂದರಿನ ಆಸ್ಪತ್ರೆಯಲ್ಲಿ ಏನಾದರೂ ಗಂಟಲಿಗಿಳಿಯುತ್ತಿದೆಯೇ, ಇಲ್ಲ ವಾಂತಿ ಇನ್ನೂ ನಿಂತಿಲ್ಲವೇ? ಹಡಗಿನವರಿಗೆಲ್ಲ ಬೇಯಿಸಿ ಹಾಕುತ್ತಿದ್ದ ಮಗನಿಗೆ ಒಂದು ಲೋಟ ಗಂಜಿ ಕೊಡುವವರಿಲ್ಲ ಎಂದು ಅತ್ತೆ ಅಳುತ್ತಾರೆ. ನಾನು ಅಳಲಿಲ್ಲ. ನನಗೀಗ ನಾಲ್ಕನೇ ತಿಂಗಳು, ಅತ್ತರೆ ಹೊಟ್ಟೆಯಲ್ಲಿರುವುದಕ್ಕೆ ಒಳ್ಳೆಯದಲ್ಲವಂತೆ.

ನಿಮಗೆ ಬಂದಿರುವುದು ಹೆಪಟೈಟಿಸ್ ಬಿ, ಲಿವರನ್ನೇ ತಿನ್ನುವ ಕಾಮಾಲೆ ಎಂದು ಕಂಪನಿಯವರು ಫೋನ್ ಮಾಡಿದರು. "ಲಸಿಕೆ ಮೂರೂ ಡೋಸ್ ಆಗಿತ್ತಲ್ಲ, ಹೇಗೆ ಬಂತಮ್ಮ?" ಎಂದು ಕೇಳಿದರು. ಏನು ಹೇಳಲಿ? ಹಡಗು ಹತ್ತುವ ಮೊದಲು ಆ ಲಸಿಕೆಗೆ ಹೋಗಿ, ಮೊದಲ ಸೂಜಿಗೇ ನರ್ಸಮ್ಮನ ಕಾಲಬುಡದಲ್ಲಿ ತಲೆಸುತ್ತಿ ಬಿದ್ದ ಗಂಡಸು ನೀವು. ಉಳಿದೆರಡಕ್ಕೆ ನಿಮ್ಮ ಹೆಸರು ಹೇಳಿಸಿ ತಮ್ಮನನ್ನು ಕಳಿಸಿದಿರಿ. ಮೂಗು ಇಬ್ಬರದೂ ಒಂದೇ ಥರ, ಯಾರಿಗೂ ಗೊತ್ತಾಗಲಿಲ್ಲ. ನಾನು ಬೇಡವೆಂದಾಗ "ಇಬ್ರದ್ದೂ ಒಂದೇ ರಕ್ತ ಕಣೇ, ಯಾರು ಚುಚ್ಚಿಸ್ಕೊಂಡ್ರೇನು?" ಎಂದು ನಕ್ಕಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಕೇಳಿದ್ದೆ, ನಮ್ಮ ಮನೆಯಲ್ಲೇ ನೋಡಿದ ಹಾಗಾಯಿತು. ಎಮ್ಮೆ ಚೆನ್ನಾಗಿದೆ, ಹೊತ್ತುಹೊತ್ತಿಗೆ ಉಂಡು ಮಲಗುತ್ತದೆ.

ಸೂಜಿಗೆ ಅಷ್ಟು ಹೆದರುವವರು ಹಚ್ಚೆಗೆ ಮಾತ್ರ ತೋಳು ಚಾಚಿದಿರಿ! ಯಾವುದೋ ಬಂದರಿನ ಸಂದಿಯಲ್ಲಿ, ಕುಡಿದ ಅಮಲಿನಲ್ಲಿ, ಕಂಡಕಂಡವರಿಗೆ ಚುಚ್ಚಿದ ಸೂಜಿಯಲ್ಲಿ ನನ್ನ ಹೆಸರು ಬರೆಸಿಕೊಂಡು ಕಳೆದ ರಜೆಗೆ ಬಂದಿರಿ. ಆ ಹೆಸರಿನಲ್ಲೂ ಒಂದು ದೀರ್ಘ ಬಿಟ್ಟುಹೋಗಿತ್ತು. ಆದರೂ ನಾನು ಹಿಗ್ಗಿ ಹೀರೇಕಾಯಿಯಾಗಿ ಆ ತೋಳಿನ ಮೇಲೇ ತಲೆಯಿಟ್ಟು ಮಲಗಿದೆ. ರೋಗ ಅಲ್ಲಿಂದಲೇ ಅಂಟಿರಬೇಕು ಎನ್ನುತ್ತಾರೆ ಇಲ್ಲಿನ ಡಾಕ್ಟರು. ಹೆಂಡತಿಯ ಹೆಸರಿಗಾಗಿ ಇಷ್ಟು ಅನುಭವಿಸಿದ ಗಂಡ ಎಂದು ನಾನು ಹೆಮ್ಮೆಪಡಬೇಕೇನೋ. ನನಗೆ ಬರುವುದು ಬರೀ ಸಿಟ್ಟು.

ಅತ್ತೆಯ ಆಶೀರ್ವಾದಗಳು, ಮೈದುನನ ನಮಸ್ಕಾರಗಳು. ಔಷಧಿಯನ್ನಾದರೂ ನೀವೇ ನುಂಗಿ.

ಇಂತಿ,
ನಿಮ್ಮ ತೋಳಿನ ಮೇಲಿರುವವಳು

ತಾ.ಕ.: ಬರೆಯುವುದೇ ಮರೆತಿದ್ದೆ. ನನ್ನ ರಕ್ತದ ವರದಿ ಬಂತು, ನನಗೂ ಅಂಟಿದೆ. ಮಗು ಹುಟ್ಟಿದ ದಿನವೇ ಅದಕ್ಕೆ ಸೂಜಿ ಹಾಕಿಸಬೇಕಂತೆ, ಹಾಕಿಸಿದರೂ ಬರುವುದೇ ಇಲ್ಲವೆಂದು ಹೇಳಲಾಗದಂತೆ. ಅದರ ಬದಲು ಯಾರನ್ನು ಕಳಿಸೋಣ, ಯೋಚಿಸಿ ಬರೆಯಿರಿ.