ಭಟ್ಟಿಯ ಮುಂದಿನ ಗಾಳಿ

ಭಾನುವಾರ, 7 ಮೇ 1989

ಫ್ಯಾಕ್ಟರಿಗೆ ರಜೆ. ನನಗೆ ಡ್ಯೂಟಿ. ಸಯನ್‌ನಿಂದ ದಾದರ್, ಅಲ್ಲಿ ಬದಲಿಸಿ ಕಾಂದಿವಲಿ. ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಕ್ಕಿತು!

ಕರೆಂಟು ಎಲ್ಲಿ ಪೋಲಾಗುತ್ತಿದೆ ಎಂದು ಹುಡುಕುವ ಎನರ್ಜಿ ಆಡಿಟ್‌ನ ಆರನೇ ದಿನ. ಒಬ್ಬಳೇ ಮಾಡುತ್ತಿರುವ ಮೊದಲ ಆಡಿಟ್. ಮಷೀನುಗಳೆಲ್ಲ ಬಂದ್; ಗಾಳಿ ತುಂಬುವ ಕಂಪ್ರೆಸರ್ ಒಂದನ್ನೇ ಚಾಲೂ ಮಾಡಿಸಿದೆ. ಒಮ್ಮೆ ತುಂಬಿ ಸುಮ್ಮನಾಗಬೇಕು. ಆಗಲಿಲ್ಲ. ಎರಡೆರಡು ನಿಮಿಷಕ್ಕೆ ಮತ್ತೆ ಗುರ್ ಎನ್ನುತ್ತದೆ. ಎಲ್ಲೋ ಸೋರಿಕೆ.

ಪೈಪಿನ ಜಾಡು ಹಿಡಿದು ನಡೆದೆ. ಬೋಲ್ಟು ಕಾಯಿಸುವ ಭಟ್ಟಿಯ ಹತ್ತಿರ ಬುಸ್ಸೆಂಬ ಸದ್ದು. ಯಾರೋ ಪೈಪಿಗೆ ತೂತು ಕೊರೆದು, ತಾಮ್ರದ ಕೊಳವೆ ಸಿಕ್ಕಿಸಿ, ತಂತಿಯಿಂದ ಕಂಬಕ್ಕೆ ಕಟ್ಟಿದ್ದಾರೆ. ಹೊತ್ತುಗೊತ್ತಿಲ್ಲದೆ ಗಾಳಿ ಪೋಲು. ಅಲ್ಲಿಂದಲೇ ಮ್ಯಾನೇಜರ್ ಜಯಸಿಂಹರ ಮನೆಗೆ ಫೋನ್. "ಶಭಾಷ್, ರಮಾಮಣಿ!" ಎಂದರು. ದಾರಿಯುದ್ದಕ್ಕೂ ಅದೇ ಖುಷಿ.

ಸೋಮವಾರ, 8 ಮೇ

ನಾನು ತಲುಪುವಷ್ಟರಲ್ಲಿ ಕೊಳವೆ ಕಿತ್ತು ತೂತು ವೆಲ್ಡ್ ಮಾಡಿಸಿಯಾಗಿತ್ತು. ಭಟ್ಟಿಯ ಬಂಡೆಪ್ಪ (ಕಲಬುರ್ಗಿ ಕಡೆಯವನು, ಐವತ್ತರ ಹತ್ತಿರ) ಒದ್ದೆ ಟವೆಲ್ ಹೊದ್ದು ನಿಂತಿದ್ದ. ಕನ್ನಡದವಳೆಂದು ವಾರವೆಲ್ಲ ಮಾತಾಡಿಸುತ್ತಿದ್ದವನು ಇವತ್ತು ಮುಖ ತಿರುಗಿಸಿದ. ನಾನೇ ಹೋದೆ.

"ಅದು ಸೋರಿಕಿ ಅಲ್ರಿ ಬಾಯಾರ. ಎದಿಗಿ ಗಾಳಿ ಬರ್ಲಿ ಅಂತ ನಾನ ಹಾಕ್ಕೊಂಡಿದ್ದೆ. ಫ್ಯಾನ್ ಕೇಳಿ ಕೇಳಿ ಸಾಕಾಗಿತ್ತು. ನನಗೊಂದ್ ಮಾತು ಕೇಳಿದ್ರ ಹೇಳ್ತಿದ್ದಿಲ್ಲೇನ್ರಿ?"

ಎಲ್ಲ ಮೀಟರ್ ನೋಡಿದ್ದೆ. ಅವನನ್ನು ಕೇಳಿರಲಿಲ್ಲ.

ಸಂಜೆ ಜಯಸಿಂಹರ ಬಳಿ ಹೋದೆ. ಎರಡು ಫ್ಯಾನ್ ಹಾಕಿಸಿ ಸರ್, ಆ ತೂತು ತಿನ್ನುತ್ತಿದ್ದ ಕರೆಂಟಿನ ಕಾಲು ಭಾಗವೂ ಬೇಡ, ಎಂದೆ.

"ಅಲ್ಲಮ್ಮಾ, ಉಳಿಸೋಕೆ ಬಂದವರು ನೀವು. ಈಗ ಖರ್ಚು ಹೇಳ್ತೀರಲ್ಲ! ಮುಂದಿನ ವರ್ಷ ನೋಡೋಣ."

ಗುರುವಾರ, 11 ಮೇ

ಎರಡು ದಿನ ಬರೆಯಲಿಲ್ಲ. ನಿನ್ನೆ ಬಂಡೆಪ್ಪ ಭಟ್ಟಿಯ ಮುಂದೆ ಕುಸಿದ. ನೀರು ಕುಡಿಸಿ ಕೂರಿಸಿದರು. ಅರ್ಧ ಗಂಟೆಗೆ ಎದ್ದು ಮತ್ತೆ ಕೆಲಸ. ನನ್ನ ಕಡೆ ನೋಡಲಿಲ್ಲ. ರಾತ್ರಿ ನನಗೆ ಅನ್ನ ಸೇರಲಿಲ್ಲ.

ಇವತ್ತು ಮಧ್ಯಾಹ್ನ ಜಯಸಿಂಹರ ಕೈಗೆ ಥರ್ಮಾಮೀಟರ್ ಕೊಟ್ಟೆ. "ಸರ್, ಈ ರೀಡಿಂಗ್‌ಗೆ ನಿಮ್ಮ ಸಹಿ ಬೇಕು. ಅರ್ಧ ಗಂಟೆ ಸಾಕು." ಬಂಡೆಪ್ಪ ನಿಲ್ಲುವ ಜಾಗದ ಪಕ್ಕದಲ್ಲೇ ನಿಲ್ಲಿಸಿದೆ. ನಾನೂ ನಿಂತೆ. ನಲವತ್ತೇಳು ಡಿಗ್ರಿ. ಹತ್ತನೇ ನಿಮಿಷಕ್ಕೆ ಅವರ ಟೈ ಸಡಿಲವಾಯಿತು. ಹದಿನೈದಕ್ಕೆ ಥರ್ಮಾಮೀಟರ್ ವಾಪಸ್ ಕೊಟ್ಟರು. ಬಂಡೆಪ್ಪ ಬೋಲ್ಟು ಎಳೆಯುತ್ತಲೇ ಇದ್ದ.

"ಎಷ್ಟು ವರ್ಷ ಆಯ್ತು ನೀನಿಲ್ಲಿ?" ಕೇಳಿದರು. ಅವನೊಡನೆ ಅವರು ಕನ್ನಡ ಆಡಿದ್ದು ನಾನು ಕಂಡಂತೆ ಮೊದಲ ಸಲ.

"ಹನ್ನೊಂದ್ರಿ ಸಾಹೇಬ್ರ."

ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಾ ಹೊರಟುಹೋದರು.

ಮಂಗಳವಾರ, 16 ಮೇ

ಫ್ಯಾನ್ ಬಂದಿವೆ! ಎರಡು. ದೊಡ್ಡವು, ಕಾಲಿರುವವು. ನಿನ್ನೆ ಸಂಜೆಯೇ ಕೂರಿಸಿದರಂತೆ. ಬಿಲ್ಲಿನ ಮೇಲೆ ಜಯಸಿಂಹರದೇ ಸಹಿ.

ಫೈಲ್ ತೆರೆದುಕೊಂಡು ಭಟ್ಟಿಯ ಬಳಿ ಹೋದೆ, ಕೊನೆಯ ರೀಡಿಂಗ್ ಬರೆಯಲು. ಬಂಡೆಪ್ಪನೇ ಕರೆದ.

"ಬರ್ರಿ ಬಾಯಾರ. ಇವತ್ತ ಅಳೀಬ್ಯಾಡ್ರಿ. ಸುಮ್ಮ ಇಲ್ಲಿ ನಿಂದರ್ರಿ."

ನಿಂತೆ. ಫ್ಯಾನಿನ ಒಂದೇ ರಭಸಕ್ಕೆ ಫೈಲಿನ ಹಾಳೆಗಳೆಲ್ಲ ಹಾರಿ ತಣಿದ ಬೋಲ್ಟಿನ ರಾಶಿಯ ಮೇಲೆ. ಬಂಡೆಪ್ಪ ನಗುತ್ತಾ ಒಂದೊಂದೇ ಹೆಕ್ಕತೊಡಗಿದ. ನಾನೂ ಬಗ್ಗಿದೆ. ನನಗೂ ನಗು ತಡೆಯಲಾಗಲಿಲ್ಲ.