ಅತ್ತೆ ತಡೆದ ಗುಮಟೆ

ಮಾರ್ಚ್ ೯, ಸೋಮವಾರ. ಅಂಕೋಲೆ.

ಅಪ್ಪನ ತಂಗಿ ಚಂಪತ್ತೆಯ ಕೈ ಇನ್ನೂ ನನ್ನ ಗುಮಟೆಯ ಮೇಲೇ ಇದ್ದ ಹಾಗಿದೆ.

ಕಡಲ ಗಾಳಿಗೆ ಅದರ ಮಣ್ಣಿನ ಗಡಿಗೆಯ ಬಾಯಿಗೆ ಬಿಗಿದ ತೊಗಲು ಮೆತ್ತಗಾಗಿತ್ತು. ಸಂಜೆ ಅವಳ ಒಲೆಯ ಮುಂದೆ ಕೂತು ಕಾಯಿಸಿದೆ. ವಿದೇಶದಲ್ಲಿ ವೇದಿಕೆಯ ಹತ್ತಿರ ಬೆಂಕಿ ಹಚ್ಚಲು ಬಿಡುವುದಿಲ್ಲ, ಹೇರ್ ಡ್ರೈಯರ್ ಹಿಡಿಯುತ್ತೇನೆ ಎಂದಾಗ ಬಿದ್ದುಬಿದ್ದು ನಕ್ಕಳು. ಆ ಖುಷಿಯಲ್ಲಿ, ಲಿಸ್ಬನ್‌ನಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ ಲಯವನ್ನೇ ಶುರುಮಾಡಿದೆ.

ಅವಳು ಅಂಗೈ ಒತ್ತಿ ನಿಲ್ಲಿಸಿದಳು. "ಅದೊಂದು ಬಾರ್ಸಬೇಡ ಮಗಾ. ನಿನ್ನಪ್ಪ ಕುಡ್ಕಂಡ್ ಬಂದಾಂಗೆ ಆಗ್ತದೆ."

ಕುಡಿದ ರಾತ್ರಿ ಅಪ್ಪ ಮೊದಲು ಅದನ್ನೇ ನುಡಿಸುತ್ತಿದ್ದ. ಆಮೇಲೆ ಅಮ್ಮನನ್ನು ಬಡಿಯುತ್ತಿದ್ದ. ನಾನು ಅಕ್ಕಿ ಚೀಲದ ಹಿಂದೆ ಅಡಗುತ್ತಿದ್ದೆ.

ಇಷ್ಟು ದೇಶ ತಿರುಗಿದೆ. ಕೇಳಿ ಹೆದರಿದವಳು ಅತ್ತೆ ಒಬ್ಬಳೇ. ಅದನ್ನು ನುಡಿಸುವಾಗ ನಾನೂ ಪ್ರತಿ ಸಲ ಬಾಗಿಲ ಕಡೆ ನೋಡುತ್ತೇನೆ ಎಂದು ಅವಳಿಗಾದರೂ ಹೇಳಬೇಕಿತ್ತು. ಬದಲಿಗೆ ಗುಮಟೆಯನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ.